ರಾಮೆನ್ ಕೌಂಟರ್ ಇಡುವ ಮೊದಲು: ಟೋಕಿಯೊದಲ್ಲಿ ಮೂರು ಗಂಟೆಯ ಪಾಠ

ಮುಂಬಯಿ, ಪುಣೆ, ಹೈದರಾಬಾದಿನ ನಮ್ಮ ಕ್ಯಾಟರಿಂಗ್ ಬಂಧುಗಳಿಗೆ ಇದು ಹೊಸ ಸುದ್ದಿಯೇನಲ್ಲ. ಮದುವೆಯ ಮೆನು ಮಾತನಾಡಲು ಬರುವ ಪಾರ್ಟಿಯಲ್ಲಿ ಹಿರಿಯರು ಎಲೆ ಊಟದ ಬಗ್ಗೆ ಕೇಳುತ್ತಾರೆ, ಹೋಳಿಗೆ ಎಷ್ಟು, ಪಾಯಸ ಯಾವುದು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಮದುಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ, ‘ಅಂಕಲ್, ರಿಸೆಪ್ಶನ್ನಿಗೆ ಈ ರಾಮೆನ್ ಕೌಂಟರ್ ಬೇಕು, ಆದರೆ ಪ್ಯೂರ್ ವೆಜ್’ ಎನ್ನುತ್ತಾಳೆ. ಆಗುವುದಿಲ್ಲ ಎಂದರೆ ಆರ್ಡರು ಪಕ್ಕದವರ ಪಾಲಾಗುತ್ತದೆ. ಆಗುತ್ತದೆ ಎನ್ನಲು ನಮಗೆ ಗೊತ್ತಿದ್ದುದಾದರೂ ಏನು? ಮಕ್ಕಳ ಮ್ಯಾಗಿ ಬಿಟ್ಟರೆ ಗಾಡಿಯ ಹಕ್ಕಾ ನೂಡಲ್ಸ್.

ಇಂಥ ಒಂದು ಆರ್ಡರಿನ ಮಾತುಕತೆಯಲ್ಲಿ ಇವೆಂಟ್ ಮ್ಯಾನೇಜರ್ ಒಬ್ಬರು ನಮ್ಮ ಮುಂದೆ ಒಂದು ಬಾಟಲಿ ಇಟ್ಟರು. ಇದನ್ನು ಬಿಸಿ ನೀರಿಗೆ ಸುರಿಯಿರಿ, ನೂಡಲ್ಸ್ ಹಾಕಿ, ರಾಮೆನ್ ತಯಾರು ಎಂದರು. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿದೆವು. ಬೊನಿಟೊ ಎಂದಿತ್ತು. ಅದೇನೆಂದು ವಿಚಾರಿಸಿದರೆ ಮೀನು! ‘ಯಾರಿಗೆ ಗೊತ್ತಾಗುತ್ತದೆ ಸ್ವಾಮಿ?’ ಎಂಬುದು ಅವರ ಉತ್ತರ. ನಮ್ಮ ಪೈಕಿ ಹಲವರ ಬೋರ್ಡಿನ ಮೇಲೆ ಎರಡು ಮೂರು ತಲೆಮಾರಿನಿಂದ ‘ಶುದ್ಧ ಸಸ್ಯಾಹಾರಿ’ ಎಂದು ಬರೆದಿದೆ. ಆ ಎರಡು ಶಬ್ದ ನಂಬಿಯೇ ಜನ ಕಣ್ಣು ಮುಚ್ಚಿ ನಮ್ಮ ಪಂಕ್ತಿಯಲ್ಲಿ ಕೂರುತ್ತಾರೆ. ಹಾಗಾಗಿ 2024ರ ನವೆಂಬರಿನಲ್ಲಿ ನಾವು ನಾಲ್ವರು ಜಪಾನ್ ಪ್ರವಾಸ ಹೊರಟಾಗ, ದೇವಸ್ಥಾನ, ಬುಲೆಟ್ ಟ್ರೇನುಗಳ ಜೊತೆಗೆ ಟೋಕಿಯೊದ ಅಸಾಕುಸದಲ್ಲಿ ಹೊಸಬರಿಗೆ ರಾಮೆನ್ ಕಲಿಸುವ ಮೂರು ಗಂಟೆಯ ಒಂದು ಕ್ಲಾಸನ್ನೂ ಮೊದಲೇ ಬುಕ್ ಮಾಡಿದೆವು.

ಅಸಾಕುಸಕ್ಕೂ ರಾಮೆನ್ನಿಗೂ ಹಳೆಯ ನಂಟು. ಇದು ಮೂಲತಃ ಚೀನೀಯರ ಗೋಧಿ ಶ್ಯಾವಿಗೆ. ಯೊಕೊಹಾಮದ ಚೀನೀ ಕೇರಿಯಿಂದ ಅಡುಗೆಯವರನ್ನು ಕರೆತಂದು 1910ರಲ್ಲಿ ರೈರೈಕೆನ್ ಎಂಬ ಅಂಗಡಿ ಶುರುವಾದದ್ದು ಇದೇ ಅಸಾಕುಸದಲ್ಲಿ. ದುಡಿಯುವ ಜನರ ಹೊಟ್ಟೆ ತುಂಬಿಸುವ ಅಗ್ಗದ ಊಟವಾಗಿ ಅದು ಬೆಳೆಯಿತು. ಮೊಮೊಫುಕು ಅಂದೊ ಎಂಬವರು 1958ರಲ್ಲಿ ಅದನ್ನೇ ಎಣ್ಣೆಯಲ್ಲಿ ಕರಿದು ಒಣಗಿಸಿ ಪ್ಯಾಕೆಟಿಗೆ ಹಾಕಿದರು. ನಮ್ಮ ಮನೆ ಮಕ್ಕಳ ಎರಡು ನಿಮಿಷದ ನೂಡಲ್ಸ್ ಆ ವಂಶದ್ದೇ.

ಕ್ಲಾಸಿಗೆ ಹೆಸರು ಕೊಡುವಾಗ ಸಸ್ಯಾಹಾರಿಗಳು ಎಂದು ಬರೆದಿದ್ದೆವು. ‘ಮಾಂಸ ಹಾಕುವುದಿಲ್ಲ, ಮೀನಿನ ಸಾರು ಪರವಾಗಿಲ್ಲವೇ?’ ಎಂದು ಉತ್ತರ ಬಂತು. ತಪ್ಪು ತಿಳಿಯಬಾರದು, ಅಲ್ಲಿ ಮೀನಿನ ತುಂಡು ತಟ್ಟೆಯಲ್ಲಿ ಕಾಣದಿದ್ದರೆ ಅದು ತರಕಾರಿ ಅಡುಗೆಯೇ. ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಂತೆ ಒಣಗಿಸಿ, ತೆಳ್ಳಗೆ ಹೆರೆದು ತೆಗೆದದ್ದು ಕತ್ಸುವೊಬುಶಿ. ಬೊನಿಟೊ ಎಂದರೂ ಅದೇ. ಒಗ್ಗರಣೆಗೆ ನಮಗೆ ಸಾಸಿವೆ ಎಷ್ಟು ಸಹಜವೋ ಅವರ ಸಾರಿಗೆ ಅದು ಅಷ್ಟು ಸಹಜ. ನಮ್ಮ ನಾಲ್ವರಲ್ಲಿ ಮೀನು ತಿನ್ನುವವರೂ ಇದ್ದರು, ಬೆಳ್ಳುಳ್ಳಿಯನ್ನೇ ಮುಟ್ಟದವರೂ ಇದ್ದರು. ಆದರೆ ಹೋದದ್ದು ಕೌಂಟರಿನ ವಿದ್ಯೆಗಾಗಿ. ಮೀನೂ ಬೇಡ, ಮೊಟ್ಟೆಯೂ ಬೇಡ ಎಂದು ಎರಡನೇ ಸಲ ಬಿಡಿಸಿ ಬರೆದೆವು. ಕಲಿಸುವವರು ಒಪ್ಪಿದರು.

ಅವರು ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ಕೈ ಚುರುಕು. ಏಪ್ರನ್ ಕಟ್ಟಿಸಿ, ಕೈ ತೊಳೆಸಿ, ಮೊದಲೇ ಹೇಳಿದ್ದು ಇದು: ರಾಮೆನ್ ಎಂದರೆ ಒಂದು ಅಡುಗೆಯಲ್ಲ, ಐದು ಅಡುಗೆ. ಉಪ್ಪುಖಾರದ ಗಟ್ಟಿ ರಸ, ಅದಕ್ಕೆ ತಾರೆ ಎನ್ನುತ್ತಾರೆ. ಉಪ್ಪಿಲ್ಲದ ತಿಳಿಸಾರು. ಪರಿಮಳದ ಎಣ್ಣೆ. ನೂಡಲ್ಸ್. ಮೇಲಿನ ಅಲಂಕಾರ. ಐದನ್ನೂ ಬೇರೆ ಬೇರೆ ಮಾಡಿಟ್ಟು ಗಿರಾಕಿ ಎದುರು ನಿಂತ ಮೇಲೆಯೇ ಬಟ್ಟಲಲ್ಲಿ ಕೂಡಿಸುವುದು. ಇದನ್ನು ಕೇಳಿ ನಮಗೆ ಅರ್ಧ ಧೈರ್ಯ ಬಂತು. ಬೇಳೆ ಬೇರೆ, ಮಸಾಲೆ ಬೇರೆ, ಒಗ್ಗರಣೆ ಬೇರೆ ಇಟ್ಟು ಸಾವಿರ ಜನರ ಊಟ ದಾಟಿಸುವ ನಮ್ಮ ಭಟ್ಟರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಹಿಟ್ಟು ಮಾತ್ರ ನಮ್ಮ ಕೈಗೆ ಪೂರಾ ಹೊಸದು. ಒಂದು ಕಿಲೋ ಮೈದಾಕ್ಕೆ ನೀರು 380 ಮಿ.ಲೀ. ಮಾತ್ರ. ಚಪಾತಿಗೆ ಇದರ ಒಂದೂವರೆ ಪಾಲು ಹಾಕುವ ನಾವು ಆ ನೀರು ನೋಡಿ ಮುಖ ಮುಖ ನೋಡಿಕೊಂಡೆವು. ಕಲಸಿದಾಗ ಉಂಡೆ ಆಗುವುದೇ ಇಲ್ಲ, ಪುಟ್ಟಿಗೆ ಕಲಸಿದ ಹಿಟ್ಟಿನಂತೆ ಉದುರು ಉದುರು. ಅದನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಟ್ಟೆ ಹೊದಿಸಿ, ಕಾಲಿನಿಂದ ತುಳಿಯಿರಿ ಎಂದರು! ಅನ್ನವನ್ನು ತುಳಿಯುವುದೇ ಎಂದು ನಮ್ಮಲ್ಲೊಬ್ಬರು ಹಿಂಜರಿದರು, ಕೊನೆಗೆ ಅವರು ಲಟ್ಟಣಿಗೆಯಿಂದಲೇ ಜಜ್ಜಿದರು, ಕೆಲಸ ಅದರಲ್ಲೂ ಆಯಿತು. ಅರ್ಧ ಗಂಟೆ ಬಿಟ್ಟು, ಕೈ ಮಿಷಿನಿಗೆ ನಾಲ್ಕೈದು ಸಲ ಕೊಟ್ಟು, ತೆಳ್ಳಗೆ ಕತ್ತರಿಸಿ, ಅಂಟದಂತೆ ಪಿಷ್ಟ ಉದುರಿಸಿ, ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ಎಳೆ ಗುಂಗುರು ಗುಂಗುರಾಗಿ ನಿಲ್ಲುತ್ತದೆ.

ನಮ್ಮ ಕುತೂಹಲ ಕೆರಳಿಸಿದ್ದು ಆ ನೀರಿಗೆ ಕರಗಿಸಿದ 10 ಗ್ರಾಂ ಬಿಳಿ ಪುಡಿ. ಅದರ ಹೆಸರು ಕಾನ್ಸುಯಿ. ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆತ ಕ್ಷಾರ. ರಾಮೆನ್ನಿಗೆ ಹಳದಿ ಬಣ್ಣ ಬರುವುದು ಮೊಟ್ಟೆಯಿಂದ ಎಂದು ನಾವೆಲ್ಲ ತಿಳಿದಿದ್ದೆವು. ಹಾಗಲ್ಲ, ಗೋಧಿಯಲ್ಲೇ ಇರುವ ಅಂಶ ಕ್ಷಾರ ತಾಗಿದೊಡನೆ ಹಳದಿಯಾಗುತ್ತದೆ. ಹಲ್ಲಿಗೆ ಸಿಗುವ ಆ ಬಿಗುವೂ ಕ್ಷಾರದ್ದೇ. ಉದ್ದಿನ ಹಪ್ಪಳಕ್ಕೆ ಪಾಪಡ್ ಖಾರ್ ಹಾಕಿ ಕಲಸುವ ಮನೆಗಳಿಂದ ಬಂದ ನಮಗೆ ಇದರ ತಮ್ಮನ ಪರಿಚಯ ಮೊದಲೇ ಇದೆ. ಕಾನ್ಸುಯಿ ಸಿಗದಿದ್ದರೆ ಅಡುಗೆ ಸೋಡಾವನ್ನು ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಅದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಅದರಲ್ಲಿ ಕೆಲಸ ನಡೆಯುತ್ತದೆ. ಕೈಗೆ ಚುರುಗುಟ್ಟುವ ವಸ್ತು, ಬರಿಗೈಯಲ್ಲಿ ಮುಟ್ಟಬೇಡಿ. ಬಟ್ಟೆ ಒಗೆಯುವ ಸೋಡಾ ಅಡುಗೆಮನೆಯ ಹತ್ತಿರವೂ ಬರಕೂಡದು, ಅದು ತಿನ್ನುವ ದರ್ಜೆಯದಲ್ಲ. ಮೈದಾ ಕೂಡ ಬ್ರೆಡ್ಡಿಗೆ ಬಳಸುವ, ಅಂಟು ಹೆಚ್ಚಿರುವ ಜಾತಿಯದಾಗಬೇಕು.

ಸಾರಿನ ವಿಷಯಕ್ಕೆ ಬರೋಣ. ಮೀನು, ಮೂಳೆ ಬಿಟ್ಟರೆ ರುಚಿ ಎಲ್ಲಿಂದ ಎಂಬುದೇ ನಮ್ಮ ದೊಡ್ಡ ಅನುಮಾನವಾಗಿತ್ತು. ಕಲಿಸುವವರು ಎರಡು ಪಾತ್ರೆ ತೋರಿಸಿದರು. ಒಂದರಲ್ಲಿ ಕೊಂಬು ಎಂಬ ಒಣ ಕಡಲ ಪಾಚಿಯ ಹಾಳೆ, ಇನ್ನೊಂದರಲ್ಲಿ ಹಿಂದಿನ ರಾತ್ರಿಯೇ ತಣ್ಣೀರಲ್ಲಿ ನೆನೆಹಾಕಿದ ಶಿಟಾಕೆ ಅಣಬೆ. ಎರಡನ್ನೂ ಬೇರೆ ಬೇರೆ ಕುಡಿಸಿದರು. ಕೊಂಬು ನೀರು ಸಪ್ಪೆ ಸಪ್ಪೆ, ಅಣಬೆ ನೀರು ಮಣ್ಣಿನ ವಾಸನೆ. ಆಮೇಲೆ ಎರಡನ್ನೂ ಕೂಡಿಸಿ ಕೊಟ್ಟರು. ನಾಲಿಗೆ ತುಂಬಿ ಬಂತು! ಉಪ್ಪು ಇನ್ನೂ ಒಂದು ಹರಳೂ ಬಿದ್ದಿರಲಿಲ್ಲ.

ಇದು ಕಣ್ಕಟ್ಟಲ್ಲ. ಕೊಂಬುವಿನ ರುಚಿ ಗ್ಲುಟಮೇಟ್‌ನದು ಎಂದು ಟೋಕಿಯೊದ ಪ್ರೊಫೆಸರ್ ಕಿಕುನಾಯೆ ಇಕೆದಾ 1908ರಲ್ಲಿ ಕಂಡುಹಿಡಿದು ಅದಕ್ಕೆ ಉಮಾಮಿ ಎಂದು ಹೆಸರಿಟ್ಟರು. ಅವರ ಶಿಷ್ಯ ಕೊದಾಮ 1913ರಲ್ಲಿ ಒಣಮೀನಿನ ರುಚಿ ಇನೊಸಿನೇಟ್‌ನಿಂದ ಎಂದರು. ಒಣ ಶಿಟಾಕೆಯ ರುಚಿ ಗ್ವಾನಿಲೇಟ್‌ನದು ಎಂದು 1957ರಲ್ಲಿ ಕುನಿನಾಕ ತೋರಿಸಿದರು. ಗ್ಲುಟಮೇಟ್‌ಗೆ ಇವೆರಡರಲ್ಲಿ ಯಾವುದು ಜೊತೆಯಾದರೂ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಮೀನು ಮಾಡುವ ಕೆಲಸವನ್ನು ಅಣಬೆಯೂ ಮಾಡಬಲ್ಲದು ಎಂದ ಮೇಲೆ ಬಾಟಲಿಯವರ ವಾದಕ್ಕೆ ಜಾಗವೆಲ್ಲಿ? ಜಪಾನಿನ ಝೆನ್ ಮಠಗಳ ಶೋಜಿನ್ ಅಡುಗೆಯಲ್ಲಿ ಕೊಂಬು, ಶಿಟಾಕೆಯ ಸಾರು ನಡೆದುಕೊಂಡೇ ಬಂದಿದೆ. ಅಲ್ಲಿ ಮಾಂಸ, ಮೀನು ಇಲ್ಲದ್ದು ಸರಿ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಉಡುಪಿಯ ಮಠದ ಅಡುಗೆ ನೋಡಿದವರಿಗೆ ವಿವರಣೆ ಬೇಕಿಲ್ಲ.

ಅಳತೆ ಹೀಗೆ: ಲೀಟರ್ ನೀರಿಗೆ 10 ಗ್ರಾಂ ಕೊಂಬು, ಸುಮಾರು ಅಷ್ಟೇ ಶಿಟಾಕೆ. ಕೊಂಬುವನ್ನು ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮೊದಲೇ ಎತ್ತಬೇಕು, ಕುದಿದರೆ ಲೋಳೆಯಾಗುತ್ತದೆ. ತಾರೆಗೆ ಸೋಯಾ ಸಾಸ್, ಉಪ್ಪು, ಚೂರು ಸಕ್ಕರೆ. ಅವರ ವಾಡಿಕೆಯಂತೆ ಮಿರಿನ್ ಹಾಕುವುದುಂಟು, ಆದರೆ ಅಸಲಿ ಮಿರಿನ್‌ನಲ್ಲಿ ಶೇ. 14ರಷ್ಟು ಮದ್ಯಸಾರ ಇರುತ್ತದೆ ಎಂದು ತಿಳಿದು ನಾವು ಬಿಟ್ಟೆವು. ಎಣ್ಣೆಗೆ ಎಳ್ಳೆಣ್ಣೆಯಲ್ಲಿ ಶುಂಠಿ ಕಾಯಿಸಿದ್ದು. ಮೇಲಿನ ಅಲಂಕಾರಕ್ಕೆ ಮೆನ್ಮಾ ಬಂತು; ನೋಡಿದರೆ ಹುಳಿ ಬರಿಸಿದ ಬಿದಿರಿನ ಮೊಳಕೆ, ನಮ್ಮ ಕಣಿಲೆ! ಮಳೆಗಾಲದಲ್ಲಿ ಊರಿನ ಮನೆಗಳಲ್ಲಿ ಉಪ್ಪುನೀರಲ್ಲಿ ಹಾಕಿಡುವುದನ್ನು ಟೋಕಿಯೊದಲ್ಲಿ ಬಟ್ಟಲಿಗೆ ಮೂರು ತುಂಡಿನಂತೆ ಎಣಿಸಿ ಇಡುತ್ತಾರೆ.

ಕ್ಲಾಸು ಮುಗಿಸಿ ನಡೆದುಕೊಂಡೇ ಕಪ್ಪಾಬಾಶಿಗೆ ಹೋದೆವು. ಸುಮಾರು 800 ಮೀಟರ್ ಉದ್ದದ ಬೀದಿ, ಎರಡೂ ಬದಿ ಹೊಟೇಲ್ ಸಾಮಾನಿನ ಅಂಗಡಿಗಳೇ. ಭುಲೇಶ್ವರದ ಪಾತ್ರೆ ಅಂಗಡಿಗಳಲ್ಲಿ ಬೆಳೆದವರಿಗೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ಪ್ಲಾಸ್ಟಿಕ್ಕಿನ ದೋಸೆ ಮಾತ್ರ ಕಾಣಲಿಲ್ಲ, ಮಿಕ್ಕ ಎಲ್ಲ ತಿಂಡಿಯ ಮಾದರಿಯೂ ಗಾಜಿನೊಳಗೆ ಕೂತಿತ್ತು. ನಾವು ಕೊಂಡದ್ದು ಉದ್ದ ಹಿಡಿಯ ಆರು ಜಾಲರಿ ಬುಟ್ಟಿ. ಒಂದೊಂದು ಬುಟ್ಟಿಗೆ ಒಬ್ಬರ ನೂಡಲ್ಸ್ ಹಾಕಿ ಕುದಿಯುವ ಕೊಪ್ಪರಿಗೆಯಲ್ಲಿ ಮುಳುಗಿಸುವುದು, ಒಂದೂವರೆ ನಿಮಿಷಕ್ಕೆ ಎತ್ತಿ ನೀರು ಝಾಡಿಸುವುದು.

ಈ ಒಂದೂವರೆ ನಿಮಿಷದಲ್ಲೇ ನಮ್ಮ ಲಾಭ ನಷ್ಟ ಅಡಗಿದೆ. ರಾಮೆನ್ ಬೇಯಿಸಿ ಇಡುವ ವಸ್ತುವಲ್ಲ, ಐದು ನಿಮಿಷ ಸಾರಿನಲ್ಲಿ ನಿಂತರೆ ಮುದ್ದೆ. ಹಾಕುವುದು, ಎತ್ತುವುದು ಸೇರಿ ಎರಡು ನಿಮಿಷಕ್ಕೆ ಆರು ಬಟ್ಟಲು ಎಂದರೆ ಗಂಟೆಗೆ 180. ಎರಡು ಗಂಟೆಯ ರಿಸೆಪ್ಶನ್ನಿನಲ್ಲಿ ಒಂದು ಕೊಪ್ಪರಿಗೆಯಿಂದ ಬಹಳ ಎಂದರೆ 360, ಅದೂ ಹುಡುಗರು ನೀರು ಕುಡಿಯಲೂ ನಿಲ್ಲದಿದ್ದರೆ. ನಡುವೆ ಪಿಷ್ಟ ಕಟ್ಟಿದ ನೀರು ಬದಲಿಸಬೇಕು. 600 ಜನರ ಪಾರ್ಟಿಗೆ ಒಂದೇ ಕೌಂಟರ್ ಒಪ್ಪಿಕೊಂಡರೆ ಸಾಲು ವೇದಿಕೆಯವರೆಗೆ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಮದುವೆಗೆ ಅರ್ಧ ಬಟ್ಟಲೇ ಸರಿ: ಹಸಿ ನೂಡಲ್ಸ್ 70 ಗ್ರಾಂ, ಸಾರು 150 ಮಿ.ಲೀ., ತಾರೆ ಒಂದು ದೊಡ್ಡ ಚಮಚ. 360 ಅರ್ಧ ಬಟ್ಟಲಿಗೆ 18 ಕಿಲೋ ಮೈದಾ, 54 ಲೀಟರ್ ಸಾರು, 540 ಗ್ರಾಂ ಕೊಂಬು. ಕೊಂಬು ಅಗ್ಗದ್ದಲ್ಲ, ರೇಟು ಹೇಳುವ ಮೊದಲು ಅದರ ಬೆಲೆ ಕೇಳಿಕೊಳ್ಳಿ. ಸಮಾಧಾನವೆಂದರೆ ಹಸಿ ನೂಡಲ್ಸ್ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿ ಇಡಬಹುದು, ಒಂದು ದಿನ ಕೂತದ್ದು ಇನ್ನೂ ಚೆನ್ನ.

ಸಾಮಾನು ಕೊಳ್ಳುವಾಗ ಲೇಬಲ್ ಓದುವ ಕೆಲಸವನ್ನು ಹುಡುಗರಿಗೆ ಬಿಡಬೇಡಿ. ಮಿಸೊ ಎಂದರೆ ಸೋಯಾ ಅವರೆಯದು ಎಂದು ನಂಬಿ ತಂದರೆ ಅದರಲ್ಲೂ ದಾಶಿ ಬೆರೆಸಿದ ಜಾತಿ ಇದೆ, ದಾಶಿ ಎಂದಿದ್ದಲ್ಲಿ ಹೆಚ್ಚಾಗಿ ಬೊನಿಟೊ ಇರುತ್ತದೆ. ತಯಾರು ನೂಡಲ್ಸ್‌ನಲ್ಲಿ ಮೊಟ್ಟೆಯ ಪುಡಿ ಇರುವುದುಂಟು. ಜೈನ ಪಾರ್ಟಿಯವರು ಕೇಳಿದರೆ ಇನ್ನೊಂದು ತೊಡಕು: ಅವರಲ್ಲಿ ಬಹಳ ಮಂದಿಗೆ ಅಣಬೆ ನಡೆಯುವುದಿಲ್ಲ, ಹಸಿ ಶುಂಠಿಯೂ ಇಲ್ಲ. ಅಣಬೆ ತೆಗೆದರೆ ಈ ಸಾರಿನ ಜೀವವೇ ಹೋಯಿತು. ಅಂಥವರಿಗೆ ನಾವಂತೂ ರಾಮೆನ್ ಬೇಡ, ಒತ್ತು ಶ್ಯಾವಿಗೆಯ ಕೌಂಟರ್ ಇಡೋಣ ಎನ್ನುತ್ತಿದ್ದೇವೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ಬೇರೆ ಕಡೆ ಹೋದರು.

ಕೌಂಟರಿನ ಮುಂದೆ ಈಗ ನಾವು ಒಂದು ಸಣ್ಣ ಬೋರ್ಡು ಇಡುತ್ತೇವೆ: ಸಾರು ಕಡಲ ಪಾಚಿ ಮತ್ತು ಅಣಬೆಯದು, ಮೀನು ಮೊಟ್ಟೆ ಇಲ್ಲ. ಓದಿ ಹಿಂದೆ ಸರಿದವರಿದ್ದಾರೆ, ಓದಿದ ಮೇಲೆಯೇ ಬಟ್ಟಲು ಹಿಡಿದ ಅಜ್ಜಿಯರೂ ಇದ್ದಾರೆ. ಸದಸ್ಯರು ಯಾರಾದರೂ ತಮ್ಮ ಭಟ್ಟರನ್ನು ಕಳಿಸಿದರೆ ನಮ್ಮ ಅಡುಗೆಮನೆಯಲ್ಲಿ ಮಾಡಿ ತೋರಿಸಲು ಸಿದ್ಧರಿದ್ದೇವೆ. ಒಂದು ದಿನ ಮೊದಲೇ ತಿಳಿಸಿ, ಅಣಬೆ ರಾತ್ರಿಯೇ ನೆನೆಹಾಕಬೇಕು.