ನಿಮಗಿದು ಗೊತ್ತೇ? ಹಲ್ಲಿ ಹಿಡಿಯುವ ಹಾವುಗಳು

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನವಿರಲಿ, ಕಮಲಾಪುರದ ಬಸ್ ನಿಲ್ದಾಣವಿರಲಿ, ಸಂಜೆ ದೀಪ ಹತ್ತಿದ ಸ್ವಲ್ಪ ಹೊತ್ತಿಗೇ ಗೋಡೆಯ ಮೇಲೆ ಹಲ್ಲಿಗಳು ಹಾಜರ್. ಮೊದಲ ಪಂಕ್ತಿಯಲ್ಲಿ ದೀಪಕ್ಕೆ ಮುತ್ತುವ ಹುಳ, ಎರಡನೇ ಪಂಕ್ತಿಯಲ್ಲಿ ಹುಳ ಹಿಡಿಯುವ ಹಲ್ಲಿ. ಮೂರನೇ ಪಂಕ್ತಿಯವರು ಮಾತ್ರ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹಲ್ಲಿ, ಓತಿಕ್ಯಾತ, ಹಾವರಾಣಿಗಳನ್ನೇ ನಂಬಿ ಬದುಕುವ ಆ ಹಾವುಗಳ ಊಟದ ಸಂಗತಿಗಳು ಇಲ್ಲಿವೆ.

ಮನೆಯ ಸುತ್ತ

● ಪಂಚಮಿ ಹಬ್ಬಕ್ಕೆ ಹುತ್ತಕ್ಕೆ ಹಾಲೆರೆಯುತ್ತೇವೆ. ಆದರೆ ಹಾವಿನ ಆಹಾರದಲ್ಲಿ ಹಾಲಿಗೆ ಜಾಗವೇ ಇಲ್ಲ. ಜಗತ್ತಿನ ಅಷ್ಟೂ ಹಾವುಗಳು ಮಾಂಸಾಹಾರಿಗಳು. ಹಾವಾಡಿಗರ ಬುಟ್ಟಿಯ ಹಾವು ಹಾಲಿಗೆ ಬಾಯಿ ಹಾಕುವುದು ದಿನಗಟ್ಟಲೆ ನೀರು ಕಾಣದೆ ಬಾಯಾರಿರುವುದರಿಂದ.

● ಕಲಬುರಗಿ ಸೀಮೆಯ ಹಳೆಯ ಮನೆಗಳಿಗೆ ಶಹಾಬಾದಿನ ಫರ್ಸಿ ಕಲ್ಲೇ ನೆಲ, ಅದೇ ಗೋಡೆ, ಎಷ್ಟೋ ಕಡೆ ಅದೇ ಚಾವಣಿ. ಈ ಹಾಸುಗಲ್ಲುಗಳ ಸಂದು ಹಲ್ಲಿಗೆ ಹಗಲಿನ ಮನೆ. ಅದೇ ಸಂದಿಗೆ ಬೆರಳು ಗಾತ್ರದ ಒಂದು ಹಾವೂ ನುಗ್ಗಬಲ್ಲದು. ಅದೇ ತೋಳಹಾವು. ಕಂದು ಮೈಮೇಲೆ ಬಿಳಿ ಅಡ್ಡಪಟ್ಟೆ, ಉದ್ದ ಹೆಚ್ಚೆಂದರೆ ಎರಡೂವರೆ ಅಡಿ, ವಿಷವಿಲ್ಲ. ರಾತ್ರಿ ಹೊರಟರೆ ಹುಡುಕುವುದು ಮುಖ್ಯವಾಗಿ ಹಲ್ಲಿಯನ್ನೇ.

● ತೋಳಹಾವಿನ ಮೇಲ್ದವಡೆಯ ಮುಂಭಾಗದಲ್ಲಿ ಕೆಲವು ಹಲ್ಲುಗಳು ಉಳಿದವಕ್ಕಿಂತ ಉದ್ದ. ನೋಡಿದವರು ವಿಷದ ಹಲ್ಲೆಂದು ಹೆದರುತ್ತಾರೆ. ಅವು ಇರುವುದು ನುಣುಚಿಕೊಳ್ಳುವ ಬೇಟೆಯನ್ನು ಬಿಗಿಯಾಗಿ ಕಚ್ಚಿ ಹಿಡಿಯಲು ಮಾತ್ರ.

● ನೆಟ್ಟನೆಯ ಗೋಡೆಯನ್ನು ಈ ಹಾವು ಹತ್ತುವುದು ಹೇಗೆ? ಹೊಟ್ಟೆಯ ಅಗಲ ಹುರುಪೆಗಳು ಎರಡೂ ಅಂಚಿನಲ್ಲಿ ಮಡಚಿ ಏಣು ಕಟ್ಟಿಕೊಂಡಿರುತ್ತವೆ. ಒರಟು ಗಾರೆಯ ಸಣ್ಣ ಉಬ್ಬು ಸಿಕ್ಕರೂ ಸಾಕು, ಆ ಏಣು ಅಲ್ಲಿ ಕಚ್ಚಿಕೊಳ್ಳುತ್ತದೆ. ನುಣುಪಾದ ಟೈಲ್ಸ್ ಗೋಡೆಯ ಮೇಲೆ ಇದರ ಆಟ ನಡೆಯುವುದಿಲ್ಲ.

● ಜನರ ಕೈಯಲ್ಲಿ ತೋಳಹಾವು ಹೆಚ್ಚಾಗಿ ಸಾಯುವುದು ವಿಷದ ಕಟ್ಟುಹಾವೆಂಬ ತಪ್ಪು ತಿಳಿವಳಿಕೆಯಿಂದ. ತೋಳಹಾವಿನ ಪಟ್ಟೆಗಳು ಕತ್ತಿನ ಕಡೆ ಎದ್ದು ಕಂಡು ಬಾಲದ ಕಡೆ ಮಾಸುತ್ತವೆ. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಉಲ್ಟಾ: ಕತ್ತಿನ ಹತ್ತಿರ ಪಟ್ಟೆ ಇಲ್ಲ, ಇದ್ದರೂ ಮಸುಕು, ಬಾಲದ ಕಡೆ ಸ್ಪಷ್ಟ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ಆದರೆ ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಈ ಪರೀಕ್ಷೆಗೆ ಇಳಿಯಬೇಡಿ. ಕಟ್ಟುಹಾವಿನ ಕಡಿತ ಜೀವಕ್ಕೇ ಮುಳುವು.

● ಹಲ್ಲಿ ಲೊಚಗುಟ್ಟಿದರೆ ನಮಗೆ ಶಕುನ. ಹಾವಿಗೆ ಅದು ಅಷ್ಟೇನೂ ಉಪಯೋಗಕ್ಕೆ ಬಾರದ ಸುದ್ದಿ. ಹಾವು ಹಲ್ಲಿಯನ್ನು ಪತ್ತೆ ಮಾಡುವುದು ಮುಖ್ಯವಾಗಿ ವಾಸನೆಯಿಂದ. ಸೀಳುನಾಲಗೆಯ ಎರಡು ತುದಿಗಳು ಎಡ ಬಲಗಳ ವಾಸನೆಯ ಕಣಗಳನ್ನು ಬೇರೆ ಬೇರೆಯಾಗಿ ಹೆಕ್ಕಿ ತಂದು ಅಂಗುಳದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತವೆ. ಯಾವ ಕಡೆ ವಾಸನೆ ಗಾಢವೋ ಹಾವು ಆ ಕಡೆ ತಿರುಗುತ್ತದೆ.

● ಮನೆಹಲ್ಲಿಗೂ ರೆಪ್ಪೆ ಇಲ್ಲ, ಹಾವಿಗೂ ರೆಪ್ಪೆ ಇಲ್ಲ. ಹಲ್ಲಿ ನಾಲಗೆಯಿಂದ ಕಣ್ಣು ನೆಕ್ಕಿ ದೂಳು ತೆಗೆಯುತ್ತದೆ. ಹಾವಿನ ಕಣ್ಣಿಗೆ ಪಾರದರ್ಶಕ ಹುರುಪೆಯ ಮುಚ್ಚಳವಿದ್ದು, ಪೊರೆ ಕಳಚುವಾಗ ಅದೂ ಹೊಸದಾಗುತ್ತದೆ.

ಬೇಲಿ ಮತ್ತು ತೋಟ

● ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎನ್ನುವ ಗಾದೆ ಹಗಲಿಗೆ ಸರಿ. ಅದೇ ಬೇಲಿಯಲ್ಲಿ ಕಂಚುಬೆನ್ನಿನ ಮರಹಾವು ಓತಿಕ್ಯಾತವನ್ನು ಬೆನ್ನಟ್ಟುವುದೂ ಹಗಲಿನಲ್ಲೇ. ಮೈ ತೆಳ್ಳಗೆ, ಕಣ್ಣು ದೊಡ್ಡದು, ವಿಷವಿಲ್ಲ. ಕೊಂಬೆಯಿಂದ ಕೊಂಬೆಗೆ ಅದು ಹರಿಯುವ ವೇಗಕ್ಕೆ ನಮ್ಮ ಕಣ್ಣೇ ಸೋಲುತ್ತದೆ.

● ಕತ್ತಲಾದ ಮೇಲೆ ಪಾಳಿ ಬದಲು. ಬೆಕ್ಕಿನಂತೆ ಸೀಳುಪಾಪೆಯ ಬೆಕ್ಕುಹಾವು ಮರದ ಪೊಟರೆಯಿಂದ ಹೊರಬಿದ್ದು, ಮಲಗಿದ ಓತಿಕ್ಯಾತಗಳನ್ನು ಹುಡುಕುತ್ತದೆ. ಓತಿಗಳು ತೆಳ್ಳನೆಯ ರೆಂಬೆಯ ತುದಿ ಹಿಡಿದು ಮಲಗುವುದಕ್ಕೂ ಇಂಥ ಬೇಟೆಗಾರರೇ ಕಾರಣವೆನ್ನುತ್ತಾರೆ: ಭಾರದ್ದೇನಾದರೂ ಹತ್ತಿದರೆ ರೆಂಬೆ ಅಲುಗಿ ಎಚ್ಚರವಾಗುತ್ತದೆ.

● ಬೆಕ್ಕುಹಾವಿನ ವಿಷದ ಹಲ್ಲು ದವಡೆಯ ಹಿಂಭಾಗದಲ್ಲಿದೆ. ಅದರ ಹತ್ತಿರದ ಬಳಗದ ಕಂದು ಮರಹಾವಿನ ವಿಷದಲ್ಲಿ ಒಂದು ಪ್ರೋಟೀನ್ ಇದೆ. ಹಲ್ಲಿಗೂ ಹಕ್ಕಿಗೂ ಅದು ಮಾರಕ, ಇಲಿಗೆ ಹೆಚ್ಚು ಬಾಧಿಸದು. ಯಾರನ್ನು ತಿನ್ನಬೇಕೋ ಅವರಿಗೆ ತಕ್ಕ ವಿಷ.

● ಹಸಿರು ಬಳ್ಳಿಹಾವಿನ ಕಣ್ಣಿನ ಪಾಪೆ ಅಡ್ಡಡ್ಡ, ಬೀಗದ ಕೈ ತೂರುವ ತೂತಿನ ಆಕಾರದ್ದು. ಮೂತಿಯ ಎರಡೂ ಬದಿಯಲ್ಲಿ ಕಣ್ಣಿನ ಮುಂದೆ ತಗ್ಗುಗಳಿವೆ. ಹೀಗಾಗಿ ಎರಡೂ ಕಣ್ಣು ಒಟ್ಟಿಗೆ ಮುಂದೆ ನೋಡಬಲ್ಲವು, ಓತಿ ಎಷ್ಟು ದೂರದಲ್ಲಿದೆ ಎಂಬ ಅಂದಾಜು ತಪ್ಪುವುದಿಲ್ಲ. ಕತ್ತು ಕಚ್ಚಿ ಹಿಡಿದ ಓತಿಯನ್ನು ಕೊಂಬೆಯಿಂದ ಮೇಲೆತ್ತಿ, ವಿಷ ಏರುವವರೆಗೂ ಬಿಡುವುದಿಲ್ಲ.

● ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನೀರುಣ್ಣುವ ಬಾಳೆ ತೋಟ ಈ ಬಿಸಿಲ ನಾಡಿನಲ್ಲಿ ಕಪ್ಪೆ, ಹಲ್ಲಿ, ಹಾವರಾಣಿಗಳಿಗೂ ತಂಪು ತಾಣ. ಒಣಗಿ ಜೋತುಬಿದ್ದ ಎಲೆ ಕೊಯ್ಯುವಾಗ ಮೊದಲು ಕೋಲಿನಿಂದ ಅಲುಗಿಸುವುದು ಒಳ್ಳೆಯದು. ಕಪ್ಪೆ, ಹಲ್ಲಿಗಳು ಇರುವಲ್ಲಿ ಅವನ್ನು ತಿನ್ನುವವರೂ ಇರಬಹುದು.

ಎರೆಹೊಲದಲ್ಲಿ

● ಶರಣಬಸವೇಶ್ವರರು (1746–1822) ಅರಳಗುಂಡಗಿಯ ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ, ತೆನೆ ತಿನ್ನಲು ಬಿಟ್ಟು, ಕುಡಿಯಲು ನೀರೂ ಇಟ್ಟರೆಂಬ ಕಥೆ ಈ ಭಾಗದ ಮನೆಮನೆಗೂ ಗೊತ್ತು. ಬೆಳೆಯಲ್ಲಿ ಪಾಲು ಕೇಳುವವರಲ್ಲಿ ಇಲಿಗಳೂ ಇವೆ. ಇಲಿ ತಿಂದು ರೈತನಿಗೆ ನೆರವಾಗುವ ಕೇರೆಹಾವು ಮರಿಯಿದ್ದಾಗ ಇಲಿಯನ್ನು ನುಂಗಲಾರದು. ಕಪ್ಪೆ, ಹಲ್ಲಿ, ಸಣ್ಣ ಓತಿಗಳೇ ಅದಕ್ಕೆ ಆಸರೆ. ಬೇಲಿ ಸುಟ್ಟು ಓತಿಗಳನ್ನು ಕಳೆದುಕೊಂಡ ಹೊಲದಲ್ಲಿ ಇಲಿ ಹಿಡಿಯುವ ಹಾವು ಬೆಳೆಯುವುದೂ ಕಷ್ಟ.

● ಹಾವಿನ ಮರಿಗಳಿಗೆ ಹಲ್ಲಿಯೇ ಏಕೆ? ಉದ್ದಕ್ಕೆ, ತೆಳ್ಳಗೆ ಇರುವ ಹಲ್ಲಿಯ ಮೈ ಸಣ್ಣ ಬಾಯಿಗೆ ಹಿಡಿಸುತ್ತದೆ. ಅಷ್ಟೇ ತೂಕದ ದುಂಡನೆಯ ಇಲಿ ಹಿಡಿಸುವುದಿಲ್ಲ.

● ಭಾರತದಲ್ಲಿ ಹಾವು ಕಡಿತದ ಸಾವುಗಳಿಗೆ ಮುಖ್ಯ ಕಾರಣವಾದ ನಾಲ್ಕು ಹಾವುಗಳು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ನಾಲ್ಕೂ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಹಲ್ಲಿ, ಓತಿಗಳನ್ನು ತಿನ್ನುತ್ತವೆ. ಇಲಿಗೆ ಹೆಸರಾದ ಕೊಳಕುಮಂಡಲವೂ ಮರಿಯಿದ್ದಾಗ ಓತಿ ಹಿಡಿಯುವುದೇ.

● ಗರಗಸಮಂಡಲದ ಊಟದಲ್ಲಿ ಚೇಳು, ಜರಿಗಳೂ ಇವೆ. ಈ ಬಳಗದಲ್ಲಿ ಚೇಳು ತಿನ್ನುವ ಜಾತಿಗಳ ವಿಷ ಚೇಳಿನ ಮೇಲೆ ಹೆಚ್ಚು ಪರಿಣಾಮಕಾರಿ ಎಂದು 2009ರ ಒಂದು ಅಧ್ಯಯನ ತೋರಿಸಿತು.

● ಬೇಸಿಗೆಯಲ್ಲಿ ಎರೆಭೂಮಿ ಕೈ ತೂರುವಷ್ಟು ಬಿರಿಯುತ್ತದೆ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಬಿರುಕಿನ ಆಳದಲ್ಲಿ ತಂಪು. ಹಾವರಾಣಿಯೂ ಅಲ್ಲಿಗೇ, ಹಾವೂ ಅಲ್ಲಿಗೇ. ಕಾದ ನೆಲದಲ್ಲಿ ಹಗಲು ತಿರುಗಲಾಗದ ಹಾವುಗಳು ಆಗ ಬೇಟೆಯನ್ನು ಸಂಜೆ, ರಾತ್ರಿಗೆ ಮುಂದೂಡುತ್ತವೆ.

● ಕುಕ್ರಿ ಹಾವು ಹಲ್ಲಿಯ ಮೊಟ್ಟೆಯನ್ನೂ ಬಿಡುವುದಿಲ್ಲ. ಮೇಲ್ದವಡೆಯ ಹಿಂಭಾಗದ ಹಲ್ಲುಗಳು ನೇಪಾಳದ ಕುಕ್ರಿ ಕತ್ತಿಯಂತೆ ಅಗಲ, ಬಾಗು. ಮೊಟ್ಟೆಯ ಸಿಪ್ಪೆ ಸೀಳಲು ಅವೇ ಸಾಧನ.

● ಚಿಂಚೋಳಿಯ ಕಾಡು 2011ರಲ್ಲಿ ವನ್ಯಧಾಮವಾಯಿತು. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ಬಿಸಿಲಿಗೆ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಹಾವು, ಓತಿಗಳ ಲೆಕ್ಕಾಚಾರ ಮನುಷ್ಯರ ಹೆಚ್ಚು ಗದ್ದಲವಿಲ್ಲದೆ ನಡೆಯುವ ಜಾಗ ಅದು.

ನುಂಗುವ ಕಲೆ

● ಹಾವು ನುಂಗುವಾಗ ದವಡೆ ಕಳಚಿಕೊಳ್ಳುತ್ತದೆ ಎಂಬುದು ತಪ್ಪು. ಕೆಳದವಡೆಯ ಎಡ ಬಲ ಎಲುಬುಗಳು ಗಲ್ಲದಲ್ಲಿ ಬೆಸೆದಿಲ್ಲ, ಹಿಗ್ಗುವ ತಂತುವಿನಿಂದ ಜೋಡಿವೆ ಅಷ್ಟೆ. ಬಾವಿಯಿಂದ ಕೊಡ ಸೇದುವವರು ಒಂದು ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಜಗ್ಗುವ ಹಾಗೆ, ಹಾವು ಒಂದು ಬದಿಯ ಹಲ್ಲು ಬಿಡಿಸಿ ಮುಂದಿಟ್ಟು, ಆಮೇಲೆ ಇನ್ನೊಂದು ಬದಿಯದನ್ನು ಮುಂದಿಡುತ್ತದೆ. ಹಲ್ಲುಗಳೆಲ್ಲ ಒಳಕ್ಕೆ ಬಾಗಿರುವುದರಿಂದ ಒಳಹೋದ ಬೇಟೆಗೆ ಹಿಂದಿರುಗುವ ದಾರಿಯಿಲ್ಲ.

● ಸಾಮಾನ್ಯವಾಗಿ ನುಂಗುವುದು ತಲೆಯಿಂದಲೇ. ಹಾಗಾದರೆ ಕಾಲುಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಹುರುಪೆ ಚುಚ್ಚುವುದಿಲ್ಲ, ಕಚ್ಚುವ ಬಾಯಿಯೂ ಮೊದಲೇ ಬಂದ್.

● ಬಾಯಿ ತುಂಬ ಹಲ್ಲಿಯಿದ್ದರೆ ಉಸಿರಾಟ? ಹಾವು ಶ್ವಾಸನಾಳದ ತುದಿಯನ್ನು ಬಾಯಿಯ ತಳದಿಂದ ಮುಂದಕ್ಕೆ ಚಾಚುತ್ತದೆ. ಊಟ ನಡೆಯುತ್ತಲೇ ಉಸಿರಾಟವೂ ನಡೆಯುತ್ತದೆ.

● ಹಲ್ಲಿಯ ಬಾಲ ಕಳಚುವುದು ಕೀಲಿನಲ್ಲಲ್ಲ, ಎಲುಬಿನ ನಡುವೆಯೇ. ಬಾಲದ ಎಲುಬುಗಳಲ್ಲಿ ಮೊದಲೇ ಬಿರುಕಿನ ಗೆರೆ ಇರುತ್ತದೆ. ರಕ್ತನಾಳಗಳು ತಕ್ಷಣ ಬಿಗಿದುಕೊಳ್ಳುವುದರಿಂದ ರಕ್ತ ಹೆಚ್ಚು ಹೋಗದು. ಬಿದ್ದ ಬಾಲ ಹೊರಳಾಡುತ್ತ ಹಾವಿನ ಗಮನ ಸೆಳೆದರೆ ಹಲ್ಲಿ ಪಾರು. ಮತ್ತೆ ಬೆಳೆಯುವ ಬಾಲದಲ್ಲಿ ಎಲುಬಿರುವುದಿಲ್ಲ, ಮೃದ್ವಸ್ಥಿಯ ಕೊಳವೆ ಮಾತ್ರ.

● ಓತಿಕ್ಯಾತಕ್ಕೆ ಈ ಅನುಕೂಲವಿಲ್ಲ. ಅದರ ಬಾಲ ಹೀಗೆ ಕಳಚುವುದಿಲ್ಲ, ತುಂಡಾದರೆ ಮರಳಿ ಬೆಳೆಯುವುದೂ ಇಲ್ಲ.

● ಹಾವರಾಣಿಯ ನುಣುಪು ಹುರುಪೆಗಳ ಅಡಿಯಲ್ಲಿ ಎಲುಬಿನ ತೆಳು ಬಿಲ್ಲೆಗಳಿವೆ. ಸಾಮಾನ್ಯ ಹಲ್ಲು ಅಲ್ಲಿ ಜಾರುತ್ತದೆ. ದಕ್ಷಿಣ ಭಾರತದ ಕರಿತಲೆ ಹಾವಿನ ಬಳಗ ಇದಕ್ಕೆ ಬೇರೆಯೇ ದಾರಿ ಕಂಡುಕೊಂಡಿದೆ. ಅದರ ಹಲ್ಲುಗಳು ಬುಡದಲ್ಲಿ ಬಿಜಾಗರಿಯಂತೆ ಮಡಚಿಕೊಳ್ಳುತ್ತವೆ. ಹಾವರಾಣಿ ಒಳಹೋಗುವಾಗ ಹಲ್ಲು ಬಾಗಿ ದಾರಿ ಬಿಡುತ್ತದೆ, ಜಗ್ಗಿಕೊಂಡರೆ ನೆಟ್ಟಗೆ ನಿಂತು ತಡೆಯುತ್ತದೆ.

● ಹಲ್ಲಿಯ ಮಾಂಸ, ಎಲುಬು ಎಲ್ಲವೂ ಹಾವಿನ ಹೊಟ್ಟೆಯಲ್ಲಿ ಕರಗುತ್ತವೆ. ಹುರುಪೆ, ಉಗುರು ಮಾತ್ರ ಕರಗದೆ ಹೊರಬರುತ್ತವೆ. ಹಾವು ಏನು ತಿಂದಿತ್ತೆಂದು ಸಂಶೋಧಕರು ಅದರ ಹಿಕ್ಕೆಯಿಂದಲೇ ಹೇಳುವುದು ಹೀಗೆ.

● ಊಟವಾದ ಹಾವಿಗೆ ಬೆಚ್ಚನೆಯ ಜಾಗ ಬೇಕೇ ಬೇಕು. ಮೈ ತಣ್ಣಗಿದ್ದರೆ ಜೀರ್ಣಕ್ರಿಯೆ ನಿಧಾನವಾಗಿ ಹೊಟ್ಟೆಯಲ್ಲಿನ ಬೇಟೆ ಕೊಳೆಯಬಹುದು. ಗಾಬರಿಯಾದರೂ ನುಂಗಿದ್ದನ್ನು ಕಾರಿಬಿಡುತ್ತದೆ. ಉಬ್ಬಿದ ಹೊಟ್ಟೆಯ ಹಾವನ್ನು ಕೆಣಕುವುದೆಂದರೆ ಅದರ ಎಷ್ಟೋ ದಿನಗಳ ಊಟ ಕಸಿದಂತೆ.

ಮಲೆನಾಡಿನಿಂದ ಸಾಗರದಾಚೆಗೆ

● ಪಶ್ಚಿಮ ಘಟ್ಟದ ಉಬ್ಬುಮೂಗಿನ ಮಂಡಲ ತರಗೆಲೆಯಲ್ಲಿ ಅಲುಗದೆ ಕೂತು, ಬಾಲದ ತುದಿಯನ್ನು ಮಾತ್ರ ಹುಳುವಿನಂತೆ ಆಡಿಸುತ್ತದೆ. ಹುಳ ಸಿಕ್ಕಿತೆಂದು ಹತ್ತಿರ ಬಂದ ಹಾವರಾಣಿ ತಾನೇ ಊಟವಾಗುತ್ತದೆ.

● ತೇಜಸ್ವಿಯವರ ಕಾದಂಬರಿ 'ಕರ್ವಾಲೊ' (1980) ಓದಿದವರಿಗೆ ಹಾರುವ ಓತಿಯ ಪರಿಚಯವಿದೆ. ಅದೇ ಘಟ್ಟದ ಕಾಡುಗಳಲ್ಲಿ ಪಕ್ಕೆಲುಬು ಅಗಲಿಸಿ, ಹೊಟ್ಟೆ ಒಳಗೆಳೆದುಕೊಂಡು ಮರದಿಂದ ಮರಕ್ಕೆ ತೇಲುವ ಹಾರುವ ಹಾವೂ ಇದೆ. ಅದಕ್ಕೂ ಹಲ್ಲಿ, ಓತಿಗಳೇ ಇಷ್ಟದ ಊಟ.

● ಎರಡನೇ ಮಹಾಯುದ್ಧದ ನಂತರ ಸರಕಿನ ಜೊತೆ ಗುವಾಮ್ ದ್ವೀಪ ಸೇರಿದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳನ್ನು ಹೆಚ್ಚುಕಡಿಮೆ ಮುಗಿಸಿತು. ಹಕ್ಕಿ ತೀರಿದ ಮೇಲೂ ಅದು ಹಸಿವಿನಿಂದ ಸಾಯಲಿಲ್ಲ, ಹಲ್ಲಿಗಳು ಅದನ್ನು ಸಾಕಿದವು. 2013ರಲ್ಲಿ ಅಮೆರಿಕ ಪ್ಯಾರಾಸಿಟಮಾಲ್ ತುಂಬಿದ ಸತ್ತ ಇಲಿಗಳನ್ನು ಹೆಲಿಕಾಪ್ಟರಿನಿಂದ ಉದುರಿಸಿತು. ನಮ್ಮ ಜ್ವರದ ಮಾತ್ರೆ ಆ ಹಾವಿಗೆ ವಿಷ.

● ಕ್ರಿಸ್‌ಮಸ್ ದ್ವೀಪಕ್ಕೆ 1980ರ ದಶಕದಲ್ಲಿ ಬಂದಿಳಿದದ್ದು ನಮ್ಮ ತೋಳಹಾವಿನ ಸೋದರ ಜಾತಿ. ಅಲ್ಲಿನ ಹಲ್ಲಿ, ಹಾವರಾಣಿಗಳು ಇಂಥ ಶತ್ರುವನ್ನು ಕಂಡಿರಲಿಲ್ಲ. ಅಲ್ಲಿನ ಕಾಡು ಹಾವರಾಣಿಯ ಕೊನೆಯ ಜೀವಿ 2014ರಲ್ಲಿ ತೀರಿಕೊಂಡಿತು. ಈ ಅಳಿವಿನ ಮುಖ್ಯ ಶಂಕಿತ ಈ ಹಾವೇ.

● ಊಟದ ದಿಕ್ಕು ತಿರುಗುವುದೂ ಉಂಟು. ಉಡವೂ ಹಲ್ಲಿಯ ಬಳಗದ್ದೇ. ಅದು ಹಾವನ್ನೂ ಹಾವಿನ ಮೊಟ್ಟೆಯನ್ನೂ ತಿನ್ನುತ್ತದೆ. ಕಾಳಿಂಗ ಸರ್ಪ ಒಮ್ಮೊಮ್ಮೆ ಉಡವನ್ನೇ ತಿಂದು ಲೆಕ್ಕ ಸರಿ ಮಾಡುತ್ತದೆ.

ಇದನ್ನೂ ತಿಳಿದಿರಿ

● ಬಿಳಿ, ನೀಲಿ ಬೆಳಕಿಗಿಂತ ಹಳದಿ ಬೆಳಕಿಗೆ ಹುಳ ಬರುವುದು ಕಡಿಮೆ. ಹುಳ ಕಡಿಮೆಯಾದರೆ ಹಲ್ಲಿಯೂ ಕಡಿಮೆ. ಹೊರಬಾಗಿಲಿಗೆ ಹಳದಿ ಬಲ್ಬು ಹಾಕಿ, ಫರ್ಸಿಯ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಹಾವನ್ನು ದೂರವಿಡಲು ಅರ್ಧ ಕೆಲಸ ಆದಂತೆ.

● ಹಾವು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮನೆಯೊಳಗೆ ಬಂದರೆ ದೂರದಿಂದಲೇ ಕಣ್ಣಿಟ್ಟು, ಅರಣ್ಯ ಇಲಾಖೆಗೋ ಹಾವು ಹಿಡಿಯುವ ಅನುಭವಿಗಳಿಗೋ ತಿಳಿಸಿ.

● ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು, ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಕಚ್ಚಿದ ಹಾವನ್ನು ಕೊಂದು ವೈದ್ಯರಿಗೆ ತಂದು ತೋರಿಸಬೇಕಿಲ್ಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ. ಕೊಯ್ಯುವುದು, ಬಿಗಿದು ಕಟ್ಟುವುದು, ಬಾಯಿಯಿಂದ ಹೀರುವುದು ಯಾವುದೂ ಬೇಡ. ಕಡಿತವಾದ ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಿ.