ರಸ್ತೆಯ ಮೇಲಿನ ಭಾರ, ರಸ್ತೆಯ ಕೆಳಗಿನ ನೀರು

ಭದ್ರಾವತಿಯಿಂದ ಹೊಳೆಹೊನ್ನೂರಿನ ಕಡೆಗೆ ಪ್ರಯಾಣ ಮಾಡಿದ್ದರೆ ಭದ್ರಾ ನಾಲೆಯ ನೀರುಂಡ ಗದ್ದೆ, ಅಡಿಕೆ ತೋಟಗಳನ್ನು ನೀವು ನೋಡಿರುತ್ತೀರಿ. ಇಂಥ ಸೀಮೆಯ ರಸ್ತೆಯೊಂದು ಡಾಂಬರು ಕಂಡ ಒಂದೆರಡು ಮಳೆಗಾಲದಲ್ಲೇ ಗುಂಡಿ ಬಿದ್ದರೆ 'ಕಳಪೆ ಕಾಮಗಾರಿ' ಎಂದುಬಿಡುತ್ತೇವೆ. ಎಷ್ಟೋ ಸಲ ಅದು ನಿಜವೇ. ಆದರೆ ಒಳ್ಳೆಯ ಕಾಮಗಾರಿಯನ್ನೂ ಕೆಡಿಸುವ ಎರಡು ಕಾರಣಗಳಿವೆ: ಭಾರ ಮತ್ತು ನೀರು.

ಮೊದಲು ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಟ್ರಕ್ಕುಗಳನ್ನು ಹಗಲುರಾತ್ರಿ ಓಡಿಸಲಾಯಿತು. ರಸ್ತೆಗೆ ಆಗುವ ಹಾನಿ, ಚಕ್ರಗಳ ಅಚ್ಚಿನ (ಆಕ್ಸಲ್) ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂದು ಅದರಿಂದ ತಿಳಿಯಿತು. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು! ನಮ್ಮ ಎಂಜಿನಿಯರುಗಳು 8.16 ಟನ್ ಭಾರದ ಅಚ್ಚನ್ನು ಮಾನಕವೆಂದು ಹಿಡಿಯುತ್ತಾರೆ. ಅಚ್ಚಿಗೆ ಅರ್ಧ ಟನ್ ಭಾರವಿರುವ ಕಾರನ್ನು ಇದರೊಂದಿಗೆ ಹೋಲಿಸಿ ನೋಡಿ. ಅಂಥ ಒಂದು ಮಾನಕ ಅಚ್ಚು ಮಾಡುವ ಹಾನಿಗೆ ಕಾರಿನ ಅಚ್ಚು ಸುಮಾರು 70,000 ಸಲ ಹಾಯಬೇಕು. ರಸ್ತೆಯ ಆಯುಷ್ಯವನ್ನು ತೀರ್ಮಾನಿಸುವುದು ಕಾರು, ಬೈಕುಗಳಲ್ಲ. ಜಲ್ಲಿ, ಮರಳು, ಭತ್ತ ತುಂಬಿದ ಲಾರಿಗಳು.

2018ರಲ್ಲಿ ನಾಲ್ಕು ಟೈರಿನ ಒಂಟಿ ಅಚ್ಚಿನ ಭಾರಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಶೇಕಡಾ 13ರ ಅಲ್ಪ ಏರಿಕೆ ಎನಿಸಬಹುದು. ಅಚ್ಚೊಂದರ ಹಾನಿ ಮಾತ್ರ ಸುಮಾರು 1.6 ಪಟ್ಟಾಗುತ್ತದೆ. ಹಳ್ಳಿಯ ತೆಳು ರಸ್ತೆಗೆ ಇದು ಚಿಕ್ಕ ಮಾತಲ್ಲ. ಒಟ್ಟು ತೂಕಕ್ಕಿಂತ ಅದು ಎಷ್ಟು ಅಚ್ಚುಗಳಿಗೆ ಹಂಚಿಹೋಗಿದೆ ಎಂಬುದೇ ಮುಖ್ಯ. ಆಸ್ಟ್ರೇಲಿಯದ ಒಳನಾಡಿನಲ್ಲಿ 53.5 ಮೀಟರ್ ಉದ್ದದವರೆಗಿನ 'ರೋಡ್ ಟ್ರೇನ್'ಗಳು ಊರಿಂದೂರಿಗೆ ಓಡುತ್ತವೆ. ಆ ಭಾರವನ್ನೆಲ್ಲ ಹೊರುವುದು ಹಲವಾರು ಅಚ್ಚುಗಳು. (ಗದ್ದೆಯಿಂದ ನೇರ ಡಾಂಬರಿಗೆ ಹತ್ತುವ ಟ್ರ್ಯಾಕ್ಟರಿನ ಕೇಜ್ ವೀಲ್‌ನದು ಬೇರೆಯೇ ಕತೆ. ಅಲ್ಲಿ ಭಾರಕ್ಕಿಂತ ಒತ್ತಡ ದೊಡ್ಡದು: ಕಬ್ಬಿಣದ ಅಂಚಿನ ಕಿರಿದಾದ ಜಾಗದ ಮೇಲೆ ತೂಕವೆಲ್ಲ ಬಿದ್ದು ಮೇಲ್ಮೈ ಕೊಯ್ದುಹೋಗುತ್ತದೆ.)

ಇನ್ನು ನೀರು. ಚಕ್ರದ ಭಾರ ಡಾಂಬರು, ಜಲ್ಲಿ ಪದರಗಳ ಮೂಲಕ ಅಗಲವಾಗಿ ಹರಡಿಕೊಂಡು ಕೊನೆಗೆ ತಳದ ಮಣ್ಣಿಗೆ ಇಳಿಯುತ್ತದೆ. ರಸ್ತೆಯನ್ನು ಹೊತ್ತಿರುವುದು ಆ ಮಣ್ಣೇ. ಅದರ ಬಲಕ್ಕೆ ಮುಖ್ಯ ಆಧಾರ ಕಣಕಣಗಳ ನಡುವಿನ ಘರ್ಷಣೆ. ಸಂದುಗಳಲ್ಲಿ ನೀರು ತುಂಬಿದಾಗ ಒತ್ತಡದ ಒಂದು ಪಾಲನ್ನು ನೀರೇ ಹೊರುತ್ತದೆ. ಕಣಗಳು ಒಂದನ್ನೊಂದು ಒತ್ತುವುದು ಕಡಿಮೆಯಾಗಿ ಘರ್ಷಣೆ ಕುಸಿಯುತ್ತದೆ. ಎರೆಮಣ್ಣಾದರೆ ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಕಾಟವೂ ಜೊತೆಗೆ. ಮೆತ್ತಗಾದ ತಳದ ಮೇಲೆ ಲಾರಿ ಹಾಯ್ದಾಗಲೆಲ್ಲ ಡಾಂಬರು ತುಸು ಬಾಗಿ, ಅದರ ಅಡಿಮೈ ಹಿಗ್ಗಿ ಸೀಳುತ್ತದೆ. ಸೀಳಿನಿಂದ ಇಳಿದ ಮಳೆನೀರು ಮುಂದಿನ ಚಕ್ರ ಒತ್ತಿದಾಗ ಸಣ್ಣ ಮಣ್ಣನ್ನು ಹೊತ್ತು ಮೇಲಕ್ಕೆ ಚಿಮ್ಮುತ್ತದೆ. ಗುಂಡಿ ಹುಟ್ಟುವುದು ಹೀಗೆ.

ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುವ ಕಡೆ ರಸ್ತೆಯ ಮಟ್ಟ ಎತ್ತರವಿರಬೇಕು, ಪಕ್ಕದ ಚರಂಡಿ ಆಳವಿರಬೇಕು. ನಾವೋ, ಹೊಲಕ್ಕೆ ಗಾಡಿ ಇಳಿಸಲು ಚರಂಡಿಗೆ ಮಣ್ಣು ತುಂಬುತ್ತೇವೆ; ಅಡಿಯಲ್ಲಿ ಒಂದು ಪೈಪು ಹಾಕುವುದಿಲ್ಲ. ಬಸ್ಸು ನಿಂತಾಗ ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೋಗಬೇಕಾದವರು ಪರದಾಡುತ್ತಾರೆ.

ನಿಮ್ಮೂರಿನ ರಸ್ತೆಯನ್ನು ಮಳೆಯ ಮರುದಿನ ನೋಡಿ. ಚಕ್ರ ಹಾಯುವ ಜಾಡಿನಲ್ಲಿ ಮೊಸಳೆಯ ಚರ್ಮದಂಥ ಬಿರುಕುಗಳಿದ್ದು ಅವುಗಳಿಂದ ಕೆಸರು ಒಸರುತ್ತಿದ್ದರೆ, ಸೋತಿರುವುದು ಬರಿಯ ಮೇಲ್ಮೈಯಲ್ಲ, ಅಡಿಪದರ. ಅಲ್ಲಿ ಚರಂಡಿ ಬಿಡಿಸಿ ತಳವನ್ನು ಸರಿಪಡಿಸದೆ ಡಾಂಬರಿನ ತೇಪೆ ಹಾಕಿದರೆ ಅದು ಮುಂದಿನ ಮಳೆಗಾಲ ಕಾಣುವುದು ಕಷ್ಟ.