ಜಪಾನಿನ ರೈತ ಬಂಡಾಯಗಳು: ಆಚರಣೆ ಮತ್ತು ಐತಿಹ್ಯ

ಜಪಾನಿನ ಟೊಕುಗಾವಾ ಆಳ್ವಿಕೆಯ ಕಾಲದ (1603–1868) ರೈತ ಬಂಡಾಯಗಳನ್ನು ‘ಇಕ್ಕಿ’ ಎಂದು ಕರೆಯಲಾಗುತ್ತದೆ. ಮಧ್ಯಯುಗದಲ್ಲಿ ಈ ಪದಕ್ಕೆ ದಂಗೆ ಎಂಬುದಕ್ಕಿಂತ ಒಮ್ಮನಸ್ಸಿನಿಂದ ಕೂಡಿದವರ ಒಕ್ಕೂಟ ಎಂಬ ಅರ್ಥವೇ ಪ್ರಧಾನವಾಗಿತ್ತು. ಒಕ್ಕೂಟ ಸೇರುವವರು ದೈವಸನ್ನಿಧಿಯಲ್ಲಿ ಆಣೆಪತ್ರ ಬರೆದು, ಅದನ್ನು ಸುಟ್ಟ ಬೂದಿಯನ್ನು ನೀರಿನಲ್ಲಿ ಬೆರೆಸಿ ಎಲ್ಲರೂ ಕುಡಿಯುತ್ತಿದ್ದರು. ದೈವವೇ ಸಾಕ್ಷಿಯಾದ ಈ ಆಣೆಯನ್ನು ಮುರಿಯುವುದು ಘೋರ ಅಪರಾಧವೆನಿಸಿತ್ತು.

ಅಕ್ಕಿಯ ರೂಪದಲ್ಲಿ ತೆರಬೇಕಾಗಿದ್ದ ಕಂದಾಯದ ಹೆಚ್ಚಳ, ಬರಗಾಲ ಹಾಗೂ ಅಧಿಕಾರಿಗಳ ದಬ್ಬಾಳಿಕೆ ಬಂಡಾಯಗಳಿಗೆ ಮುಖ್ಯ ಕಾರಣಗಳು. ರೈತರ ಬೇಡಿಕೆಗಳನ್ನು ಒಪ್ಪಿಕೊಂಡ ಪ್ರಭುಗಳೂ ಮುಂದಾಳುಗಳಿಗೆ ಮರಣದಂಡನೆ ವಿಧಿಸುವುದುಂಟು. ಆದ್ದರಿಂದ ರೈತರು ಮನವಿಪತ್ರಗಳಲ್ಲಿ ತಮ್ಮ ಹೆಸರುಗಳನ್ನು ಛತ್ರಿಯ ಕಡ್ಡಿಗಳಂತೆ ವೃತ್ತಾಕಾರವಾಗಿ ಬರೆಯುತ್ತಿದ್ದರು. ಇದರಲ್ಲಿ ಮೊದಲ ಹೆಸರು ಯಾವುದು, ಕೊನೆಯ ಹೆಸರು ಯಾವುದು ಎಂದು ಗುರುತಿಸಲಾಗದು. ಸಮಾನತೆಯ ಸಂಕೇತವಾದ ಈ ವೃತ್ತ ಮುಂದಾಳುವಿಗೆ ರಕ್ಷಣೆಯೂ ಆಗಿತ್ತು.

ಐತಿಹ್ಯದ ದಾರಿ ಇದಕ್ಕೆ ವಿರುದ್ಧವಾದುದು. ಸಕುರಾ ಸಂಸ್ಥಾನದ ಕೋಜು ಗ್ರಾಮದ ಮುಖಂಡ ಸೋಗೊರೋ, ಕಂದಾಯದ ಹೊರೆ ತಾಳಲಾರದೆ, ಪ್ರಭು ಹೊತ್ತಾ ಮಸನೊಬುವನ್ನು ಮೀರಿ ನೇರವಾಗಿ ಶೋಗನ್‌ಗೆ ಮೊರೆಯಿಟ್ಟನೆಂದೂ, ಅದಕ್ಕಾಗಿ ಕುಟುಂಬಸಮೇತ ವಧೆಗೊಳಗಾದನೆಂದೂ ಜನ ನಂಬಿದ್ದಾರೆ. 17ನೆಯ ಶತಮಾನದ ಈ ಘಟನೆಗೆ ಸಮಕಾಲೀನ ಆಧಾರಗಳು ತೀರ ವಿರಳ. ಆದರೆ 1660ರಲ್ಲಿ ಮಸನೊಬು ಸಂಸ್ಥಾನವನ್ನು ಕಳೆದುಕೊಂಡದ್ದು ಚಾರಿತ್ರಿಕ ಸಂಗತಿ. ಅದನ್ನು ಜನಪದರು ಸೋಗೊರೋವಿನ ಪ್ರೇತದ ಸೇಡೆಂದೇ ಅರ್ಥೈಸಿದರು. 1851ರಲ್ಲಿ ಈ ಕಥೆ ಎದೋ ನಗರದ ಕಬುಕಿ ರಂಗವನ್ನೇರಿತು. ನರಿತಾದಲ್ಲಿ ಇಂದಿಗೂ ಅವನಿಗೆ ಪೂಜೆ ಸಲ್ಲುತ್ತದೆ.

ಹೆಸರುಗಳ ವೃತ್ತ ಬದುಕಿರುವ ಮುಂದಾಳುವನ್ನು ಮರೆಮಾಡಿತು. ಐತಿಹ್ಯ ಮಡಿದ ಮುಂದಾಳುವನ್ನು ದೈವವಾಗಿಸಿತು. ಒಂದೇ ದಂಡನೆಗೆ ಜನಪದರು ಕಂಡುಕೊಂಡ ಎರಡು ಉತ್ತರಗಳಿವು.